ಶಾಮಿಯಾನದ ಬಟ್ಟೆಯ ಚೀಲ

ನಲವತ್ತನೆಯ ದಿನದ ಫಾತೆಹಾಕ್ಕೆ ಬಂದವರೆಲ್ಲ ಊಟ ಮಾಡಿ, ಕೈ ತೊಳೆದು, ನನ್ನ ಅಕ್ಕನ ಬಗ್ಗೆ ಒಂದೊಂದು ಸುಳ್ಳು ಹೇಳಿ ಹೋದರು. "ಭಾಳ ಸಮಾಧಾನದ ಹೆಣ್ಮಗಳು" ಎಂದರು ಒಬ್ಬರು. "ಒಬ್ಬರ ಮನಸು ನೋಯಿಸಿದಾಕಿ ಅಲ್ಲ" ಎಂದರು ಇನ್ನೊಬ್ಬರು. ಹೀಗೆ ಹೇಳಿದವರಲ್ಲಿ ಅರ್ಧ ಜನರ ಮನಸ್ಸನ್ನು ಅಕ್ಕ ಚೆನ್ನಾಗಿಯೇ ನೋಯಿಸಿದ್ದಳು. ಅದನ್ನು ಅವರು ಮರೆತಿರಲಿಲ್ಲ. ಸತ್ತವಳೆಂದು ರಿಯಾಯಿತಿ ಕೊಡುತ್ತಿದ್ದರು, ಅಷ್ಟೇ. ನಾನು ಬಾಗಿಲಲ್ಲಿ ನಿಂತು ಎಲ್ಲರಿಗೂ ತಲೆಯಾಡಿಸಿದೆ. ನೀವು ಹೇಳುವ ಹೆಂಗಸು ಯಾರು, ನಮ್ಮ ಮನೆಯಲ್ಲಿ ಅಂಥವಳು ಹುಟ್ಟಿಯೇ ಇರಲಿಲ್ಲ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಎಲ್ಲಿ ಬಾಯಿ ತೆರೆಯಬೇಕೋ ಅಲ್ಲಿ ಮುಚ್ಚಿಕೊಳ್ಳುವುದು ನನಗೆ ಮೊದಲಿನಿಂದಲೂ ಅಭ್ಯಾಸ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಾಗಿಲು ಕಿಟಕಿಗಳ ಅಳತೆ ಬಿಟ್ಟರೆ ಹೆಚ್ಚು ಬರೆದವನಲ್ಲ. ಆದರೆ ಆ ಸುಳ್ಳುಗಳನ್ನು ಹಾಗೆಯೇ ಬಿಟ್ಟರೆ ಅಕ್ಕ ಎರಡನೇ ಸಲ ಸತ್ತಂತೆ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ಜಗಳಗಂಟಿ. ಹೊಲಿಗೆ ಆಕೆಯ ಕಸುಬು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಬೈಯುತ್ತಿದ್ದಳು. ಬೈಗುಳ ದೊಡ್ಡದಿದ್ದರೆ ಮಾತ್ರ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದಳು. ಎದುರಿಗಿದ್ದವರಿಗೆ ಅಷ್ಟರಲ್ಲೇ ಗೊತ್ತಾಗುತ್ತಿತ್ತು, ಈಗ ಬರುವುದು ಸಣ್ಣದಲ್ಲ ಎಂದು. ಕೂಡ್ಲಿಗಿಯಿಂದ ನಮ್ಮ ಕೊಟ್ಟೂರಿಗೆ ವರ್ಗವಾಗಿ ಬಂದಿದ್ದ ಒಬ್ಬ ಟೀಚರಮ್ಮ ರವಿಕೆ ಬಿಗಿಯಾಯಿತೆಂದು ವಾಪಸು ತಂದಿದ್ದರು. ಅಕ್ಕ ಸೂಜಿಗಳನ್ನು ತೆಗೆದಳು.

"ಅಳತಿ ಕೊಡೋ ಮುಂದ ಉಸುರು ಹಿಡಕಂಡು ನಿಂತಿದ್ರಿ. ಈಗ ಬಿಟ್ಟೀರಿ. ಹಂಗ ಹಿಡಕಂಡ ಇರ್ರಿ, ರವಿಕಿ ಸರಿ ಆಗ್ತೈತಿ."

ಟೀಚರಮ್ಮ ಕೆಂಪಾದರು. ಆಮೇಲೆ ನಕ್ಕರು. ಎಷ್ಟೋ ವರ್ಷ ಆಕೆಯ ಹತ್ತಿರವೇ ಹೊಲಿಸಿದರು. ನಲವತ್ತರ ದಿನ "ಸಮಾಧಾನದ ಹೆಣ್ಮಗಳು" ಎಂದವರು ಇದೇ ಟೀಚರಮ್ಮ.

ನಾವು ಪಿಂಜಾರರು. ಮನೆಮಾತು ಕನ್ನಡವೇ. ಅಪ್ಪ ಹರಪನಹಳ್ಳಿ, ಅದರ ಹತ್ತಿರದ ಅರಸೀಕೆರೆ ಕಡೆ ಊರೂರು ತಿರುಗಿ ಜನರ ಹಳೆಯ ಗಾದಿಗಳನ್ನು ಬಿಚ್ಚಿ, ಒಳಗೆ ಗಂಟುಗಟ್ಟಿದ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುತ್ತಿದ್ದ. ಹಿಂಜುವಾಗ ಏಳುವ ಹತ್ತಿಯ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಬಿಸಿಲಿನ ಕೋಲು ಬಿದ್ದರೆ ಮಾತ್ರ ಕಾಣುತ್ತಿತ್ತು. ಅಪ್ಪ ರಾತ್ರಿಯೆಲ್ಲ ಕೆಮ್ಮುತ್ತಿದ್ದ. ಅಕ್ಕ ಇನ್ನೂ ಲಂಗ ಉಡುವ ಹುಡುಗಿ, ಆಗಲೇ ಅಪ್ಪನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಳ್ಳದೆ ಬಿಲ್ಲು ಮುಟ್ಟಬಾರದು ಎಂಬುದು ಆಕೆಯ ಹಟ. ಅಪ್ಪ ಕಟ್ಟಿಕೊಳ್ಳುವುದಿಲ್ಲ ಎನ್ನುತ್ತಿದ್ದ, ಉಸಿರುಗಟ್ಟುತ್ತದೆ ಎಂಬುದು ಅವನ ವಾದ.

"ಸಾಯೋದಿದ್ರ ಒಮ್ಮೆಲೆ ಸಾಯಿ. ದಿನಾ ರಾತ್ರಿ ಒಂಚೂರು ಒಂಚೂರು ಸತ್ತು ನಮ್ಮ ನಿದ್ದಿ ಯಾಕ ಕೆಡಸ್ತಿ?" ಎಂದಿದ್ದಳು ಒಮ್ಮೆ.

ಅಪ್ಪನಿಗೆ ಹಾಗೆ ಹೇಳುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಬಿಲ್ಲು ಕೆಳಗಿಟ್ಟು ಆಕೆಯನ್ನು ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಬಟ್ಟೆಗಾಗಿ ಕೈ ಚಾಚಿದ. ಅಲ್ಲಿಂದ ಮುಂದೆ ಬಟ್ಟೆ ಹುಡುಕುವುದು ಅಕ್ಕನ ಕೆಲಸವಾಯಿತು. ಪ್ರತಿ ಬಟ್ಟೆಯನ್ನೂ ತುಟಿಗೆ ಒತ್ತಿ ಹಿಡಿದು ಊದಿ ನೋಡುತ್ತಿದ್ದಳು. ಆಚೆ ಬದಿಗೆ ಅಂಗೈ ಹಿಡಿದು, ಉಸಿರು ಎಷ್ಟು ತಾಕುತ್ತದೆ ಎಂದು ಪರೀಕ್ಷೆ ಮಾಡುತ್ತಿದ್ದಳು. ಜಾಸ್ತಿ ತಾಕಿದರೆ ಬಟ್ಟೆ ತೆಳು, ಬೇಡ. ತಾಕದೇ ಇದ್ದರೆ ಅಪ್ಪ ಕಿತ್ತೆಸೆಯುತ್ತಾನೆ, ಅದೂ ಬೇಡ. "ಉಸುರು ಹೋಗಬೇಕು, ಧೂಳು ಹೋಗಬಾರದು" ಎನ್ನುತ್ತಿದ್ದಳು. ಬಟ್ಟೆಯನ್ನು ಹೀಗೆ ಊದಿ ನೋಡುವ ಅಭ್ಯಾಸ ಆಕೆಗೆ ಕೊನೆಯವರೆಗೂ ಉಳಿಯಿತು. ಅಂಗಡಿಯಲ್ಲಿ ಪೀಸು ಕೊಳ್ಳುವಾಗಲೂ ಊದುವಳು. ಅಂಗಡಿಯವರು ಮುಖ ಹುಳಿ ಮಾಡಿದರೆ ಜಗಳ.

ಆಕೆಯನ್ನು ಹೊಳಲೆಂಬ ಊರಿಗೆ ಕೊಟ್ಟೆವು. ಭಾವ ಶಾಮಿಯಾನ ಹಾಕುವವನು. ಹೊಳಲು, ಇಟ್ಟಿಗಿ ಊರುಗಳ ಸುತ್ತ ಯಾರ ಮನೆಯ ಕಾರ್ಯವಿದ್ದರೂ ಅವನದೇ ನೆರಳು. ಅದಕ್ಕೆ ಬೇಕಾದ ಹೊಲಿಗೆಯೆಲ್ಲ ಅಕ್ಕನದು. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ ಅವನ ಅಣ್ಣತಮ್ಮಂದಿರು ಕಂಬ, ಕುರ್ಚಿ, ಪಾತ್ರೆ ಎಲ್ಲವನ್ನೂ ತಮ್ಮದೆಂದರು. ನಾನು ಆಕೆಯನ್ನು ಕರೆತರಲು ಹೋಗಿದ್ದೆ. ಹಿರಿಯರು ಕೂತಿದ್ದರು. ನಾನು ಗೋಡೆಗೆ ಒರಗಿ ನಿಂತು, ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದೆ. ಅಕ್ಕ ಒಳಗಿನಿಂದ ಬಂದಳು.

"ಕಂಬ ನೀವ ಇಟಗೊರಿ" ಎಂದಳು. "ನೆಳ್ಳು ಹೊಲದಾಕಿ ನಾನು. ನೆಳ್ಳು ನಾ ಒಯ್ತೀನಿ."

ಶಾಮಿಯಾನದ ಬಟ್ಟೆಯನ್ನೆಲ್ಲ ಮಡಚಿ ಗಂಟು ಕಟ್ಟಿದಳು. ಕೆಂಪು, ಹಳದಿ, ಹಸಿರು ಪಟ್ಟಿಗಳ ದಪ್ಪ ಹತ್ತಿ ಬಟ್ಟೆ. ಆ ಗಂಟು, ಹೊಲಿಗೆ ಮಷೀನು, ಒಂದು ಟ್ರಂಕು. ಟೆಂಪೋದ ಹಿಂದೆ ಅವುಗಳ ಮೇಲೆಯೇ ಕೂತು ಕೊಟ್ಟೂರಿಗೆ ಬಂದಳು. ದಾರಿಯುದ್ದಕ್ಕೂ ನನ್ನನ್ನು ಬೈದಳು. "ನಾಲಿಗಿ ಕೊಟ್ಟೂರಾಗ ಬಿಟ್ಟು ಬಂದಿದ್ದೇನಲೇ ತಮ್ಮ? ಅವರೆಲ್ಲ ಹಂಗ ಮಾತಾಡೋ ಮುಂದ ಎತ್ತಿನಂಗ ಗೋಣು ಹಾಕ್ತಿ?" ನಾನು ಅದಕ್ಕೂ ಗೋಣು ಹಾಕಿದೆ.

ನನ್ನದು ಮರಗೆಲಸದ ವರ್ಕ್‌ಶಾಪು. ಕೊಟ್ಟೂರಿನಿಂದ ಹರಪನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿದೆ. ಹೆಂಡತಿ ಮಕ್ಕಳೊಂದಿಗೆ ನಾನಿರುವ ಮನೆ ಪೇಟೆಯೊಳಗೆ. ಅಲ್ಲಿ ಜಾಗವಿಲ್ಲವೆಂದು ಅಕ್ಕನಿಗೆ ವರ್ಕ್‌ಶಾಪಿನ ಹಿಂದಿನ ಕೋಣೆ ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟೆ ಎಂದು ಆಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಕೋಣೆಗೂ ವರ್ಕ್‌ಶಾಪಿಗೂ ನಡುವೆ ಇದ್ದದ್ದು ತಗಡಿನ ಗೋಡೆ. ಅದು ಮೇಲಿನ ತನಕ ಮುಟ್ಟುತ್ತಿರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಯಾರೋ ವರ್ಕ್‌ಶಾಪು ಮುಚ್ಚಿದಾಗ ನಾನು ರಂದಾ ಹೊಡೆಯುವ, ಅಂದರೆ ಹಲಗೆ ಹೆರೆದು ನುಣುಪು ಮಾಡುವ ಮಷೀನು ತಂದೆ. ಅದರ ಜೊತೆಗೆ ಧೂಳು ಎಳೆದುಕೊಳ್ಳುವ ಮಷೀನೂ ಬಂತು. ನೋಡದವರಿಗೆ ಹೇಳುತ್ತೇನೆ. ಅದೊಂದು ದೊಡ್ಡ ಫ್ಯಾನು. ರಂದಾ ಹೊಡೆಯುವಾಗ ಬೀಳುವ ಹೊಟ್ಟನ್ನೂ ಧೂಳನ್ನೂ ಪೈಪಿನಿಂದ ಎಳೆದುಕೊಳ್ಳುತ್ತದೆ. ಅದಕ್ಕೆ ಎರಡು ಚೀಲ. ಭಾರದ ಹೊಟ್ಟು ಕೆಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬೀಳುತ್ತದೆ. ಸಣ್ಣ ಧೂಳು ಗಾಳಿಯ ಜೊತೆ ಮೇಲಿನ ಬಟ್ಟೆಯ ಚೀಲಕ್ಕೆ ಏರುತ್ತದೆ. ಗಾಳಿ ಬಟ್ಟೆಯ ಮೂಲಕ ಹೊರಗೆ ಹೋಗಬೇಕು, ಧೂಳು ಒಳಗೇ ಉಳಿಯಬೇಕು. ಅಷ್ಟೇ ಅದರ ವಿದ್ಯೆ. ನಾನು ತಂದಾಗಲೇ ಆ ಮೇಲಿನ ಚೀಲ ಸವೆದಿತ್ತು. ಮಷೀನು ಹಚ್ಚಿದಾಗ ಉಬ್ಬಿ, ಆರಿಸಿದಾಗ ಜೋತುಬಿದ್ದು, ಕತ್ತಿನ ಹತ್ತಿರ ಮಡಿಕೆ ಬೀಳುವಲ್ಲಿ ಜಾಳುಜಾಳಾಗಿ ಕೊನೆಗೆ ಹರಿಯಿತು. ನಾನು ಟೇಪು ಸುತ್ತಿದೆ. ಪಕ್ಕದಲ್ಲಿ ಹರಿಯಿತು. ಗೊಬ್ಬರದ ಚೀಲದ ತುಂಡು ಇಟ್ಟು ಅಂಟಿಸಿದೆ. ಅದರಿಂದ ಗಾಳಿ ಹೋಗದೆ ಹೊಲಿಗೆಯೇ ಬಿಚ್ಚಿಕೊಂಡಿತು. ಮಷೀನು ಈಗ ಧೂಳನ್ನು ನೆಲದಿಂದ ಎಳೆದುಕೊಂಡು, ಮೇಲಿನ ಹರಕಿನಿಂದ ತಗಡಿನ ಗೋಡೆಯಾಚೆಗೆ ಊದುತ್ತಿತ್ತು.

ಅಕ್ಕ ಜಗಳಕ್ಕೆ ಬಂದಳು. ಯಾರದೋ ಬಿಳಿ ಅಂಗಿ ಹೊಲಿಯಲು ತಂದಿಟ್ಟಿದ್ದಳಂತೆ, ಅದು ತೇಗದ ಬಣ್ಣಕ್ಕೆ ತಿರುಗಿತ್ತು. ಅಂಗಿಯನ್ನು ನನ್ನ ಮುಖದ ಮೇಲೆ ಎಸೆದಳು. ನನ್ನ ರಟ್ಟೆ ಹಿಡಿದು ಕೋಣೆಗೆ ಎಳೆದುಕೊಂಡು ಹೋಗಿ, ಹೊಲಿಗೆ ಮಷೀನಿನ ಹಲಗೆಯ ಮೇಲೆ ಬೆರಳು ಎಳೆದು ನನ್ನ ಕಣ್ಣಿನ ಮುಂದೆ ಹಿಡಿದಳು.

"ಏನಿದು?"

"ಹೊಟ್ಟು" ಎಂದೆ.

"ಹೊಟ್ಟಲ್ಲ. ಹೊಟ್ಟಾದ್ರ ಕಸಬರಿಗಿಲೆ ಹೋಗ್ತೈತಿ. ಇದು ಅಪ್ಪನ ಎದಿಯಾಗ ಇತ್ತಲ್ಲ, ಅದು."

ಬೆರಳನ್ನು ಬಾಗಿಲ ಚೌಕಟ್ಟಿಗೆ ಒರೆಸಿದಳು. ಕಂದು ಗೀರು ಉಳಿಯಿತು. ದಾವಣಗೆರೆಗೆ ಹೋದಾಗ ಕಂಪನಿಯ ಹೊಸ ಚೀಲ ತರುತ್ತೇನೆ ಎಂದೆ. ದಾವಣಗೆರೆಗೆ ಹೋದೆ. ಬ್ಲೇಡು ತಂದೆ, ಕೀಲು ತಂದೆ, ಪಾಲಿಶ್ ತಂದೆ. ಚೀಲ ನೆನಪಾಗಲಿಲ್ಲ. ಇಲ್ಲ, ನೆನಪಾಗಿತ್ತು. ಚೀಲದಿಂದ ಮರ ನುಣುಪಾಗುವುದಿಲ್ಲ, ಗಿರಾಕಿ ಬರುವುದಿಲ್ಲ ಎಂದು ಅಂಗಡಿಯ ಮುಂದೆ ಹಾದುಹೋದೆ.

ಅಕ್ಕ ಕಾಯಲಿಲ್ಲ. ಒಂದು ದಿನ ಅಳತೆಯ ಟೇಪು ಹಿಡಿದು ವರ್ಕ್‌ಶಾಪಿಗೆ ಬಂದು, ಮಷೀನಿನ ಕತ್ತಿನ ಸುತ್ತಳತೆ ತೆಗೆದುಕೊಂಡಳು. ನನ್ನ ಮೇಸ್ತ್ರಿ ಮಾರೆಪ್ಪ ನಕ್ಕ. "ಅಕ್ಕಾರ, ಮಷೀನಿಗೂ ರವಿಕಿ ಹೊಲಿತೀರೇನು?"

"ಇದು ನಿನ್ನಂಗ ಹೊಟ್ಟಿ ಒಳಗ ಎಳಕೊಳ್ಳಂಗಿಲ್ಲ, ಅಳತಿ ಖರೇ ಕೊಡ್ತೈತಿ" ಎಂದಳು.

ಹೊಳಲಿನ ಗಂಟು ಬಿಚ್ಚಿದಳು. ಎಷ್ಟೋ ತುಂಡುಗಳನ್ನು ಊದಿ ಊದಿ ನೋಡಿ, ಬಿಸಿಲಿಗೆ ಜಾಳಾದದ್ದನ್ನು ಬದಿಗಿಟ್ಟಳು. ಎರಡೂ ಅಂಚು ಒಳಗೆ ಮಡಚಿ ಹೊಲಿದಳು. ಸೂಜಿ ಚುಚ್ಚಿದ ತೂತುಗಳಿಂದಲೂ ಧೂಳು ನುಸುಳುತ್ತದೆಂದು ಹೊಲಿಗೆಯ ಮೇಲೆಲ್ಲ ಮೇಣದಬತ್ತಿ ಉಜ್ಜಿದಳು. ಕತ್ತಿನ ಹತ್ತಿರ ಹಳೆಯ ಚೀಲ ಎಲ್ಲಿ ಹರಿದಿತ್ತೋ ಅಲ್ಲಿ ಬಟ್ಟೆಯನ್ನು ಇಮ್ಮಡಿ ಮಾಡಿದಳು. ಅಷ್ಟು ದಪ್ಪಕ್ಕೆ ಮಷೀನಿನ ಸೂಜಿ ಮುರಿಯಿತು. ಅಪ್ಪನ ಗಾದಿ ಹೊಲಿಯುವ ದಬ್ಬಣ ತೆಗೆದು ಕೈಯಿಂದಲೇ ಮುಗಿಸಿದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಹಲ್ಲಿನಿಂದ ದಾರ ಎಳೆಯುತ್ತ, ನನ್ನನ್ನೂ ದಾವಣಗೆರೆಯನ್ನೂ ಒಟ್ಟಿಗೆ ಬೈಯುತ್ತ.

ನಾನೂ ಮಾರೆಪ್ಪನೂ ಅದನ್ನು ಕಟ್ಟಿ ಮಷೀನು ಹಚ್ಚಿದೆವು. ಚೀಲ ಮೆಲ್ಲಗೆ ಎದ್ದು ನಿಂತಿತು. ಕೆಂಪು, ಹಳದಿ, ಹಸಿರು ಪಟ್ಟಿ. ಸುತ್ತ ಮರದ ಬಣ್ಣವೇ ಇದ್ದ ಜಾಗದಲ್ಲಿ ಅದು ಯಾವುದೋ ಮದುವೆಯಿಂದ ತಪ್ಪಿಸಿಕೊಂಡು ಬಂದಂತೆ ಕಾಣುತ್ತಿತ್ತು. ರಂದಾ ಮಷೀನಿಗೆ ತೇಗದ ಹಲಗೆ ಕೊಟ್ಟೆ. ಧೂಳು ಹೊರಗೆ ಬರಲಿಲ್ಲ. ಅಕ್ಕ ಚೀಲದ ಹತ್ತಿರ ಅಂಗೈ ಹಿಡಿದು ನಿಂತಿದ್ದಳು. ಅಂಗೈಗೆ ಗಾಳಿ ತಾಕಿತೆಂದು ಆಕೆಯ ಮುಖ ನೋಡಿಯೇ ತಿಳಿಯಿತು. ಆಕೆ ನಗುವುದು ಅಪರೂಪ, ನಕ್ಕಾಗ ಕೆಳಗಿನ ತುಟಿ ಒಂದು ಬದಿಗೆ ಜಾರುತ್ತಿತ್ತು. ಅವತ್ತು ಜಾರಿತು. "ಹೊಳಲಿನ ನೆಳ್ಳು" ಎಂದಳು, ಯಾರಿಗೂ ಹೇಳಿದಂತಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪುಟಗಳನ್ನು ಬರೆಯಬೇಕಾಗಿರಲಿಲ್ಲ.

ಆ ವಾರವೇ ಹಡಗಲಿ ಕಡೆಯ ಒಬ್ಬ ಕಾಂಟ್ರಾಕ್ಟರು ಬಂದ. ದೊಡ್ಡ ಕಟ್ಟಡ ಹಿಡಿದಿದ್ದ, ಅದರ ಬಾಗಿಲುಗಳ ಕೆಲಸ ನನಗೆ ಸಿಗುವುದಿತ್ತು. ಜೊತೆಯಲ್ಲಿ ಇಬ್ಬರು. ಒಳಗೆ ಕಾಲಿಟ್ಟವನೇ ಚೀಲ ನೋಡಿ ನಿಂತ.

"ಏನ್ರಿ ಸಾಬ್ರ, ಮಷೀನಿಗೆ ಮದುವಿ ಇಟ್ಟೀರೇನು? ಊಟ ಯಾವಾಗ ಹೇಳ್ರಿ, ಹಸಕಂಡು ಬರ್ತೀವಿ."

ಜೊತೆಯವರು ನಕ್ಕರು. ಮಾರೆಪ್ಪನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನಕ್ಕು ಸುಮ್ಮನಿರಲಿಲ್ಲ. "ನಮ್ಮಕ್ಕಂದು ಕೆಲಸ ರೀ. ಗಂಡ ಸತ್ತ ಮ್ಯಾಲ ತಲಿ ಅಷ್ಟ ಸರಿ ಇಲ್ಲ. ಸಿಕ್ಕಿದ್ದೆಲ್ಲ ಹೊಲಿತಾಳ" ಎಂದೆ.

ತಗಡಿನ ಗೋಡೆಯಾಚೆ ಹೊಲಿಗೆ ಮಷೀನು ನಡೆಯುತ್ತಿತ್ತು. ನನ್ನ ಮಾತು ಮುಗಿದಾಗ ಅದು ನಿಂತಿತು. ನಾನು ಆಕೆ ಬರುತ್ತಾಳೆ ಎಂದುಕೊಂಡೆ. ಸೂಜಿಗಳನ್ನು ಸೆರಗಿಗೆ ಚುಚ್ಚಿಕೊಳ್ಳುತ್ತ ಬರುತ್ತಾಳೆ, ಕಾಂಟ್ರಾಕ್ಟರನನ್ನೂ ನನ್ನನ್ನೂ ಸೇರಿಸಿ ಬೆಂಡೆತ್ತುತ್ತಾಳೆ. ಬಂದಿದ್ದರೆ ಒಳ್ಳೆಯದಿತ್ತು. ಆಕೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಷೀನು ಮತ್ತೆ ನಡೆಯತೊಡಗಿತು.

ಅವತ್ತು ಸಂಜೆಯೇ ಆ ಚೀಲ ಬಿಚ್ಚಿದೆ. ಟೇಪು ಸುತ್ತಿದ ಹಳೆಯದನ್ನೇ ಕಟ್ಟಿದೆ. ಕಾಂಟ್ರಾಕ್ಟರು ಮತ್ತೆ ಬರುತ್ತಾನೆ, ನಗುತ್ತಾನೆ, ನನ್ನನ್ನು ಸಣ್ಣ ಕೆಲಸಗಾರ ಎಂದುಕೊಳ್ಳುತ್ತಾನೆ ಎಂಬುದು ನನ್ನ ತಲೆಯಲ್ಲಿ. ಅಕ್ಕ ಮರುದಿನ ನೋಡಿದಳು. ನಾನು ಕೇಳದೆಯೇ ಹೇಳಿದೆ, "ತೊಳ್ಯಾಕ ತಗದೀನಿ ಅಕ್ಕ."

ಆ ಚೀಲ ತೊಳೆಯಬಾರದು. ಒಳಗೆ ತೆಳುವಾಗಿ ಧೂಳು ಕೂತಷ್ಟೂ ಅದು ಚೆನ್ನಾಗಿ ತಡೆಯುತ್ತದೆ, ತೊಳೆದರೆ ಹತ್ತಿಬಟ್ಟೆಯ ಎಳೆ ಸಡಿಲವಾಗುತ್ತದೆ, ಬರೀ ಕೊಡವಬೇಕು. ಇದನ್ನು ನನಗೆ ಹೇಳಿಕೊಟ್ಟವಳೇ ಅಕ್ಕ. ಆಕೆಗೇ ನಾನು ಆ ಸುಳ್ಳು ಹೇಳಿದೆ. "ಹೂಂ" ಎಂದು ಒಳಗೆ ಹೋದಳು.

ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಹೂಂ ಮೇಲೆ. ಅಪ್ಪನನ್ನು ಬಿಡಲಿಲ್ಲ, ಹೊಳಲಿನ ಹಿರಿಯರನ್ನು ಬಿಡಲಿಲ್ಲ, ಟೀಚರಮ್ಮನನ್ನು ಬಿಡಲಿಲ್ಲ. ಒಂದು ಗುಂಡಿಗಾಗಿ ಅಂಗಡಿಯವನೊಂದಿಗೆ ಬೀದಿಯಲ್ಲಿ ನಿಂತು ಕಾದಾಡಿದವಳು. ತನ್ನ ಉಸಿರಿನ ವಿಷಯ ಬಂದಾಗ, ನನ್ನೊಬ್ಬನ ಮುಂದೆ, ಒಂದು ಮಾತು ಆಡಲಿಲ್ಲ. ಯಾಕೆ? ನಾನು ಬೈಗುಳಕ್ಕೂ ಲಾಯಕ್ಕಲ್ಲವೆಂದೇ? ಆ ಕೋಣೆ ಬಿಟ್ಟರೆ ಬೇರೆ ಜಾಗವಿಲ್ಲವೆಂದೇ? ಎರಡನೆಯದೇ ಇರಬೇಕು. ಅದನ್ನು ನೆನೆದರೆ ಸಿಟ್ಟು ತಿರುಗಿ ನನ್ನ ಮೇಲೆಯೇ ಬರುತ್ತದೆ. ಜಗಳವಾಡಲಿಕ್ಕೂ ಕಾಲಡಿ ಸ್ವಂತ ನೆಲ ಬೇಕು. ನಾನು ಕೊಟ್ಟ ಕೋಣೆಯಲ್ಲಿ ಅದು ಇರಲಿಲ್ಲ.

ಶಾಮಿಯಾನದ ಚೀಲ ಏನಾಯಿತು ಎಂದರೆ, ಅದರಲ್ಲಿ ಹೊಟ್ಟು ತುಂಬಿ, ಬಾಯಿ ಕಟ್ಟಿ, ವರ್ಕ್‌ಶಾಪಿನ ಬಾಗಿಲ ಹತ್ತಿರ ಕೂರಲು ಗಾದಿ ಮಾಡಿಕೊಂಡೆ. ಗಾದಿ ಹೊಲಿಯುವವನ ಮಗನಲ್ಲವೇ. ಮೆತ್ತಗಿತ್ತು. ಅದರ ಮೇಲೆ ಕೂತು ದಿನಾ ಚಹಾ ಕುಡಿದೆ. ಅಕ್ಕ ನೀರಿಗೆ ಹೋಗುವಾಗ ಬರುವಾಗ ನನ್ನ ಮುಂದೆಯೇ ಹಾದುಹೋಗುತ್ತಿದ್ದಳು.

ವರ್ಷಗಳು ಹೋದವು. ಆಕೆ ಬಿಳಿ ಬಟ್ಟೆ ಹೊಲಿಯಲು ತೆಗೆದುಕೊಳ್ಳುವುದನ್ನು ಬಿಟ್ಟಳು. "ಬಿಳೇದು ಒಲ್ಲೆ, ಕಣ್ಣು ಕುಕ್ತೈತಿ" ಎಂದು ಗಿರಾಕಿಗಳಿಗೆ ಹೇಳುವುದು ಕೇಳಿಸುತ್ತಿತ್ತು. ಮಷೀನಿನ ಮೇಲೆ ಸೀರೆ ಹೊದಿಸತೊಡಗಿದಳು. ಬೆರಳು ಎಳೆದು ನೋಡುವುದನ್ನು ಮಾತ್ರ ಬಿಡಲಿಲ್ಲ. ಆದರೆ ನನಗೆ ತೋರಿಸುತ್ತಿರಲಿಲ್ಲ. ಚೌಕಟ್ಟಿಗೆ ಒರೆಸಿಬಿಡುತ್ತಿದ್ದಳು. ಆ ಚೌಕಟ್ಟು ನಾನೇ ಮಾಡಿದ್ದು, ಬೇವಿನ ಮರದ್ದು. ಒಂದು ಬದಿ ಮೊಣಕೈ ಎತ್ತರದಲ್ಲಿ ಗೀರಿನ ಮೇಲೆ ಗೀರು ಬಿದ್ದು ಕಪ್ಪಾಗಿ ಹೋಯಿತು.

ಕೆಮ್ಮು ಶುರುವಾಯಿತು. ಮೊದಲು ಚಳಿಗಾಲಕ್ಕೆ, ಆಮೇಲೆ ಎಲ್ಲ ಕಾಲಕ್ಕೂ. ನಾಲ್ಕು ಮಾತಾಡುವಷ್ಟರಲ್ಲಿ ನಿಲ್ಲಿಸಬೇಕಾಗುತ್ತಿತ್ತು. ಜಗಳಗಳು ಚಿಕ್ಕವಾದವು. ಸಮಾಧಾನದ ಹೆಣ್ಣುಮಗಳು ಎಂದು ಜನ ಹೇಳತೊಡಗಿದ್ದು ಆಗಲೇ. ಆಕೆಗೆ ಸಮಾಧಾನ ಬಂದಿರಲಿಲ್ಲ, ಬೈಯಲು ಉಸಿರು ಸಾಲುತ್ತಿರಲಿಲ್ಲ. ಒಮ್ಮೆ ಯಾರದೋ ಪೀಸು ತುಟಿಗೆ ಹಿಡಿದು ಊದಲು ಹೋಗಿ ಕೆಮ್ಮು ಬಂದು, ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೂತುಬಿಟ್ಟಳು. ನಾನು ಬಾಗಿಲಲ್ಲಿದ್ದೆ. ನೀರು ಕೊಟ್ಟೆ. ಅಷ್ಟು ಮಾಡಿದೆ.

ದಾವಣಗೆರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು, "ಇರೋ ಜಾಗದಲ್ಲಿ ಧೂಳು ಇದೆಯಾ? ಮಿಲ್ಲು, ಕಟ್ಟಿಗೆ ಕೆಲಸ, ಅಂಥಾದ್ದು ಏನಾದರೂ?"

ಪ್ರಶ್ನೆ ಕೇಳಿದ್ದು ನನ್ನನ್ನು ನೋಡಿ. ನಾನು ಹೇಳಿದೆ, "ಇಲ್ಲ ಸರ್. ಮನಿ ಪ್ಯಾಟಿ ಒಳಗೈತಿ. ಧೂಳು ಅಷ್ಟಿಲ್ಲ."

ಅದು ನನ್ನ ಮನೆ. ನನ್ನ ಹೆಂಡತಿ ಮಕ್ಕಳು ಮಲಗುವ ಮನೆ. ಹೊಸ ನೆಲ ಹಾಕಿಸಿದ ಮನೆ. ಅಕ್ಕನ ಕೋಣೆಯ ಬಗ್ಗೆ ಕೇಳಿದರೆ ನನ್ನ ಮನೆಯ ವಿಳಾಸ ಕೊಟ್ಟೆ. ಯಾಕೆ ಹೇಳಿದೆ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಡಾಕ್ಟರು ನನ್ನನ್ನು ಬೈಯುತ್ತಾರೆಂಬ ಭಯ, ಅಷ್ಟೇ. ಅವತ್ತು ನಿಜ ಹೇಳಿದ್ದರೆ ಏನಾದರೂ ಬೇರೆ ಔಷಧಿ ಇತ್ತೋ ಏನೋ. ಕಡೇಪಕ್ಷ ಆಕೆಯನ್ನು ಆ ಕೋಣೆಯಿಂದ ತೆಗೆಯಿರಿ ಎನ್ನುತ್ತಿದ್ದರು. ನಾನು ತೆಗೆಯಬೇಕಾಗುತ್ತಿತ್ತು.

ಅಕ್ಕ ನನ್ನ ಕಡೆ ತಿರುಗಿದಳು. ಈಗ ಹೇಳುತ್ತಾಳೆ ಎಂದುಕೊಂಡೆ. ಹೇಳಲಿ ಎಂದೂ ಒಳಗೊಳಗೇ ಬೇಡಿಕೊಂಡೆ. ಆಕೆ ಡಾಕ್ಟರ ಕಡೆ ತಿರುಗಿ, ನಡುನಡುವೆ ಉಸಿರು ಎಳೆದುಕೊಳ್ಳುತ್ತ ಹೇಳಿದಳು:

"ನಮ್ಮಪ್ಪ ಹತ್ತಿ ಹಿಂಜತಿದ್ದ ರೀ. ಸಣ್ಣಾಕಿದ್ದಾಗ ಅಲ್ಲೇ ಇರ್ತಿದ್ದೆ. ಅದರದ್ದ ಇರಬೇಕು."

ಡಾಕ್ಟರು ಅದನ್ನೇ ಬರೆದುಕೊಂಡರು.

ಅಪ್ಪನ ಮೂಗಿಗೆ ಒದ್ದೆ ಬಟ್ಟೆ ಕಟ್ಟಿದವಳು, ಅದಕ್ಕಾಗಿ ಅಪ್ಪನ ಜೊತೆಯೇ ಜಗಳಕ್ಕೆ ನಿಂತವಳು, ಸತ್ತುಹೋದ ಅಪ್ಪನ ಮೇಲೆ ನನ್ನ ತಪ್ಪನ್ನು ಹೊರಿಸಿ ನನ್ನನ್ನು ಬಿಡಿಸಿಕೊಂಡಳು. ಬಸ್ಸಿನಲ್ಲಿ ಬರುವಾಗ, ಹರಪನಹಳ್ಳಿ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಹಸಿವಿ ಆಗೈತೇನು?" ಎಂದಳು. ಇಲ್ಲ ಎಂದೆ. ಅದೂ ಸುಳ್ಳೇ.

ಮಳೆಗಾಲ ಮುಗಿಯುವಷ್ಟರಲ್ಲಿ ತೀರಿಕೊಂಡಳು. ಜನ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೀ ಮಾಡೋದೆಲ್ಲ ಮಾಡಿದಿ. ಗಂಡ ಸತ್ತಾಕಿಗೆ ಇರಾಕ ಜಾಗ ಕೊಟ್ಟಿ. ಯಾವ ತಮ್ಮ ಮಾಡ್ತಾನ?" ಎಂದರು. ಒಬ್ಬರೂ ನನ್ನ ಕೊರಳಪಟ್ಟಿ ಹಿಡಿಯಲಿಲ್ಲ. ಅಷ್ಟು ಜನರಲ್ಲಿ ಒಬ್ಬರಾದರೂ, ಆ ಧೂಳಿನ ಕೋಣೆಯನ್ನು ನೋಡಿದವರು, ಏನೋ ನಿನ್ನ ಮಷೀನು ಹಿಂಗೈತಲ್ಲ ಎಂದು ಕೇಳಲಿಲ್ಲ. ಆ ಪ್ರಶ್ನೆ ಕೇಳುವವಳು ಊರಿನಲ್ಲಿ ಒಬ್ಬಳೇ ಇದ್ದಳು, ಆಕೆಯನ್ನೇ ಹೊತ್ತುಕೊಂಡು ಹೋಗಿ ಇಟ್ಟು ಬಂದಿದ್ದೆವು.

ನಲವತ್ತರ ಊಟ ಮುಗಿದ ಮರುದಿನ ವರ್ಕ್‌ಶಾಪು ತೆರೆದೆ. ಬಾಗಿಲ ಹತ್ತಿರ ಕೂರಲು ಹೋದವನು ಕೂರಲಾರದೆ ನಿಂತೆ. ಗಾದಿಯ ಬಾಯಿ ಬಿಚ್ಚಿ ಒಳಗಿನ ಹೊಟ್ಟನ್ನು ಅಂಗಳಕ್ಕೆ ಸುರಿದೆ. ಬಣ್ಣ ಸ್ವಲ್ಪ ಮಾಸಿತ್ತು. ಹೊಲಿಗೆ ಒಂದು ಎಳೆಯೂ ಬಿಟ್ಟಿರಲಿಲ್ಲ. ಇಷ್ಟು ವರ್ಷ ನನ್ನ ಭಾರ ಹೊತ್ತು ಕೂಡ ಬಿಟ್ಟಿರಲಿಲ್ಲ. ಅದನ್ನು ಕೊಡವಿ, ತುಟಿಗೆ ಒತ್ತಿ ಹಿಡಿದು, ಆಚೆ ಅಂಗೈಯಿಟ್ಟು ಊದಿದೆ. ಅಂಗೈಗೆ ಉಸಿರು ತಾಕಿತು.

ಮಾರೆಪ್ಪ ಬಂದ. ಏನೂ ಕೇಳದೆ ಏಣಿ ಹಿಡಿದ. ಟೇಪಿನ ಚೀಲ ಕಿತ್ತು ಒಗೆದೆವು. ಇದನ್ನು ಕತ್ತಿಗೆ ಏರಿಸಿ, ಪಟ್ಟಿ ಬಿಗಿದು, ಮಷೀನು ಹಚ್ಚಿದೆವು. ಚೀಲ ಎದ್ದು ನಿಂತಿತು.

"ಇಷ್ಟ ಅಲ್ಲೇನ್ರಿ ಕೆಲಸ?" ಎಂದ ಮಾರೆಪ್ಪ. ಚುಚ್ಚಬೇಕೆಂದು ಹೇಳಿದವನಲ್ಲ. ಅವನು ಬರುವಾಗ ತಂದ ಚಹಾ ಇನ್ನೂ ಬಿಸಿಯಿತ್ತು, ಅಷ್ಟು ಬೇಗ ಕೆಲಸ ಮುಗಿದಿತ್ತು.

ಅವತ್ತು ಬಾಕಿಯಿದ್ದ ತೇಗದ ಹಲಗೆಗಳನ್ನೆಲ್ಲ ಹಟ ಹಿಡಿದವನಂತೆ ರಂದಾ ಹೊಡೆದೆ. ರಸ್ತೆಯಲ್ಲಿ ಹೋಗುವವರು ಬಣ್ಣದ ಚೀಲ ನೋಡಿ ನಿಂತರು, ಒಬ್ಬಿಬ್ಬರು ನಕ್ಕರು. ನಗಲಿ ಎಂದುಕೊಂಡೆ. ಅವರ ಮೇಲೆ ಎಗರಿ ಬೀಳಬೇಕೆನಿಸಿತು, ಆದರೆ ಆ ಹಕ್ಕು ನನ್ನದಲ್ಲ.

ಸಂಜೆ ಮಷೀನು ಆರಿಸಿ ಅಕ್ಕನ ಕೋಣೆಗೆ ಹೋದೆ. ಹೊಲಿಗೆ ಮಷೀನಿನ ಮೇಲಿನ ಸೀರೆಯನ್ನು ನನ್ನ ಹೆಂಡತಿ ಬೆಳಿಗ್ಗೆ ತೆಗೆದು, ಹಲಗೆಯನ್ನು ಒರೆಸಿಟ್ಟಿದ್ದಳು. ದಿನವಿಡೀ ಅದು ತೆರೆದೇ ಇತ್ತು. ಅಕ್ಕ ಎಳೆಯುತ್ತಿದ್ದ ಹಾಗೆಯೇ, ಆ ತುದಿಯಿಂದ ಈ ತುದಿಯವರೆಗೆ ಬೆರಳು ಎಳೆದೆ. ಬೆಳಕಿಗೆ ಹಿಡಿದು ನೋಡಿದೆ.

ಬೆರಳಿಗೆ ಏನೂ ಹತ್ತಿರಲಿಲ್ಲ.

ಹೊರಗೆ ಬರುವಾಗ ಬಾಗಿಲಲ್ಲಿ ನಿಂತೆ. ಒರೆಸಲು ಏನೂ ಇರಲಿಲ್ಲ. ಆದರೂ ಆ ಬೆರಳನ್ನು ಚೌಕಟ್ಟಿಗೆ, ಆಕೆಯ ಗೀರುಗಳ ಮೇಲೆ ಒರೆಸಿದೆ.